ತಾರೀಖಿಲ್ಲದ ರಾಜೀನಾಮೆಗಳು

ಏಪ್ರಿಲ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ 9.40. ಅಲೆಕ್ಸಾಂಡ್ರಿಯದ ಹೊರವಲಯದ ಕೈಗಾರಿಕಾ ಪ್ರದೇಶದ ಠಾಣೆಗೆ ಟೈಲ್ಸ್ ಕಂಪನಿಯ ಹಣಕಾಸು ನಿರ್ದೇಶಕ ಮುಮ್ತಾಜ್ ಹಿಲ್ಮಿ ದೂರು ತಂದ.

"ಕಂಪನಿಯ ಡಿಜಿಟಲ್ ಸಹಿಯ ಟೋಕನ್ ಕಳುವಾಗಿದೆ, ಬಾಷಾ. ಅದನ್ನ ಕಂಪ್ಯೂಟರಿಗೆ ಚುಚ್ಚಿ ಯಾರೋ ನಮ್ಮ ಹೆಸರಲ್ಲಿ ಸುಳ್ಳು ತೆರಿಗೆ ವಿವರ ಕಳಿಸಿದ್ದಾರೆ."

"ಏನು ಸುಳ್ಳು?" ಇನ್ಸ್‌ಪೆಕ್ಟರ್ ತಲಅತ್ ಶೌಕಿ ಕೇಳಿದ. ಪೊಲೀಸ್ ಅಧಿಕಾರಿಯನ್ನು ಇಲ್ಲಿ ಗೌರವದಿಂದ ಬಾಷಾ ಎನ್ನುತ್ತಾರೆ.

"ಈ ವರ್ಷದಿಂದ ಹೊಸ ನಿಯಮ. ಹೋದ ವರ್ಷ ಯಾವ ದೇಶದಲ್ಲಿ ಎಷ್ಟು ಲಾಭ, ಎಷ್ಟು ಜನ ಕೆಲಸಕ್ಕಿದ್ರು, ಎಲ್ಲ ಹೆಸರು ಸಮೇತ ತಿಳಿಸಬೇಕು. ಅದಕ್ಕೇ ಸಾಫ್ಟ್‌ವೇರ್ ತರಿಸಿದ್ವಿ. ಈಜಿಪ್ಟಲ್ಲಿ ನಮ್ಮೋರು ಹನ್ನೆರಡು ಜನ. ಹೋಗಿರೋದು ಇನ್ನೂರ ಇಪ್ಪತ್ತೈದು."

"ಲಾಭ?"

"ಅದು ತೆರಿಗೆ ಇಲ್ಲದ ದ್ವೀಪದಲ್ಲಿರೋ ನಮ್ಮ ಇನ್ನೊಂದು ಕಂಪನಿದು."

ಹೆಡ್ ಕಾನ್‌ಸ್ಟೇಬಲ್ ಖಮೀಸ್ ಬರೆಯುವುದನ್ನು ನಿಲ್ಲಿಸಿದ. "ನಿಮ್ಮ ಕಾರ್ಖಾನೆ ಬಸ್ಸೇ ಆರು ಓಡ್ತವಲ್ಲ ಸಾಹೇಬ್ರೆ. ಒಂದೊಂದರಲ್ಲಿ ಇಬ್ಬಿಬ್ಬರು ಕಾಲು ಚಾಚಿ ಮಲ್ಕೊಂಡು ಬರ್ತಾರೇನೋ."

ಹಿಲ್ಮಿ ನಗಲಿಲ್ಲ. ಅವನಿಗೆ ಎಫ್‌ಐಆರ್ ಪ್ರತಿ ಬೇಕಿತ್ತು. ವಿವರ ಖೋಟಾ ಎಂದು ಎಪ್ಪತ್ತೆರಡು ಗಂಟೆಯೊಳಗೆ ತೋರಿಸಿದರೆ ತೆರಿಗೆ ಇಲಾಖೆ ಅದನ್ನು ರದ್ದು ಮಾಡುತ್ತದೆ. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

11.30, ಕಂಪನಿಯ ಲೆಕ್ಕ ವಿಭಾಗ. ವಿವರ ಹೋದದ್ದು ಇಲ್ಲಿ ಕೆಲಸದ ದಿನವೇ ಆದ ಭಾನುವಾರ ಸಂಜೆ 4.50ಕ್ಕೆ, ಇದೇ ಕೋಣೆಯಿಂದ. ಕಂಪ್ಯೂಟರ್ ನೋಡಿಕೊಳ್ಳುವವನು ಇನ್ನೊಂದು ಮಾತು ಹೇಳಿದ. ಹೆಸರಿನ ಮುಂದೆ ಗುರುತಿನ ಚೀಟಿಯ ಹದಿನಾಲ್ಕು ಅಂಕಿ ಹಾಕಬೇಕು. ಒಂದು ತಪ್ಪಿದರೂ ಯಂತ್ರ ತೆಗೆದುಕೊಳ್ಳುವುದಿಲ್ಲ. ಹೊಸದಾಗಿ ಸೇರಿಸಿದ ಇನ್ನೂರ ಹದಿಮೂರು ಹೆಸರಲ್ಲಿ ಒಂದೂ ವಾಪಸು ಬಂದಿಲ್ಲ.

"ಅಂದ್ರೆ ನಂಬರು ನಿಜವಾದವು. ಎಲ್ಲಿ ಬರೆದಿಟ್ಟಿದ್ದೀರಿ?" ತಲಅತ್ ಕೇಳಿದ.

"ಎಲ್ಲೂ ಇಲ್ಲ. ಅವರು ನಮ್ಮೋರೇ ಅಲ್ಲ," ಎಂದ ಹಿಲ್ಮಿ.

ಕೋಣೆಯಲ್ಲಿ ಮೂರು ಕಪಾಟುಗಳಿದ್ದವು. ಎರಡನ್ನು ಹಿಲ್ಮಿ ತಾನೇ ತೆರೆದು ತೋರಿಸಿದ. ಮೂರನೆಯದರ ಮುಂದೆ ನಿಂತುಬಿಟ್ಟ.

"ಇದರಲ್ಲಿ ಹಳೇ ಕಾಗದ. ವಕೀಲರನ್ನ ಕೇಳ್ದೆ ತೆಗೆಯೋ ಹಾಗಿಲ್ಲ."

"ಕಳುವಾದ ಮಾಲು ಹುಡುಕಿ ಅಂತ ಕರೆದೋರು ನೀವೇ ತಾನೆ? ಬೀಗದ ಕೈ ಕೊಡಿ."

12.20ಕ್ಕೆ ಪಂಚರಾಗಿ ಒಬ್ಬ ಬಸ್ ಚಾಲಕ ಮತ್ತು ಚಹಾ ಕೊಡುವ ಮುದುಕ ಫತೂಹ್ ಬಂದರು. ಕಪಾಟು ತೆರೆಯಿತು. ಎದುರಿಗೇ ಬೆರಳುದ್ದದ ಟೋಕನ್. ಅದರ ಅಡಿಯಲ್ಲಿ ದಾರ ಕಟ್ಟಿದ ಕಟ್ಟು: ಆರನೇ ನಮೂನೆ, ಅಂದರೆ ರಾಜೀನಾಮೆ ಪತ್ರ. ಹೆಸರು, ಹದಿನಾಲ್ಕು ಅಂಕಿ, ಹೆಬ್ಬೆಟ್ಟು. ತಾರೀಖಿನ ಜಾಗ ಖಾಲಿ. ಕೆಲಸದ ಮೊದಲ ದಿನವೇ ಮನುಷ್ಯನ ಕೈಯಿಂದ ಅವನ ಕೊನೆಯ ದಿನವನ್ನು ಬರೆಸಿಕೊಂಡು ಬೀಗ ಹಾಕಿಡುವ ಕಾಗದ.

ಫತೂಹ್ ಬಗ್ಗಿ ನೋಡಿದ. "ಅರೆ, ಇದು ನಂದು. ಹದಿನಾಲ್ಕು ವರ್ಷದಿಂದ ಇವರಿಗೆ ಚಹಾ ಕುದಿಸ್ತಿದೀನಿ. ನಾನು ಇವರೋನೇ ಅಲ್ವಂತೆ."

ಖಮೀಸ್ ಎಣಿಸಿದ. ಇನ್ನೂರ ಹದಿಮೂರು. ಒಂದರಲ್ಲಿ ಮಾತ್ರ ಬೇರೆ ಶಾಯಿಯಲ್ಲಿ ತಾರೀಖಿತ್ತು: ಕಳೆದ ಅಕ್ಟೋಬರ್ ಒಂಬತ್ತು. ಹೆಸರು ಬಯೂಮಿ ಅಬುಲ್ ಖೈರ್.

"ಯಾರಿವನು?"

ಕಿಟಕಿಯ ಪಕ್ಕದ ಮೇಜಿನಿಂದ ಗುಮಾಸ್ತೆ ಇನ್ಶಿರಾಹ್ ಎದ್ದಳು. ಆ ಕಪಾಟಿನ ಇನ್ನೊಂದು ಬೀಗದ ಕೈ ಇದ್ದದ್ದು ಅವಳ ಹತ್ತಿರ. ಚೀಲವನ್ನು ಅವಳು ಆಗಲೇ ಕಟ್ಟಿಕೊಂಡಿದ್ದಳು.

"ನನ್ನ ಯಜಮಾನ," ಎಂದಳು.

ಮಧ್ಯಾಹ್ನ 2.00, ಠಾಣೆ.

"ಟೋಕನ್ ತೆಗೆದದ್ದು?"

"ನಾನೇ."

"ಹೆಸರು ಸೇರಿಸಿದ್ದು?"

"ನಾನೇ. ಹದಿನೇಳು ದಿನ, ಊಟದ ಹೊತ್ತಲ್ಲಿ. ಹೇಗೂ ಒಬ್ಬಳೇ ಊಟ. ಮೊದಲು ಇಬ್ರೂ ಒಂದೇ ಬಸ್ಸಲ್ಲಿ ಬರ್ತಿದ್ವಿ. ಗೇಟಿನ ಹತ್ರ ತಾಮಿಯಾ ವಡೆ ಇಟ್ಟ ಒಂದು ರೊಟ್ಟಿ ತಗೊಂಡು ಮುರಿದು, ದೊಡ್ಡ ತುಂಡು ನನಗೆ ಕೊಟ್ಟು, ಚಿಕ್ಕದೇ ರುಚಿ ಅಂತ ಸುಳ್ಳು ಹೇಳ್ತಿದ್ರು. ಈಗ್ಲೂ ಮುರೀತೀನಿ. ಕೈ ಕೇಳಲ್ಲ."

ತಲಅತ್ ಟೋಕನ್ ಎತ್ತಿ ತೋರಿಸಿದ. "ಟೋಕನ್ನ ಕಾಲುವೆಗೆ ಎಸೆದಿದ್ರೆ ಸಿಕ್ಕಿಬೀಳ್ತಿರಲಿಲ್ಲ. ಆ ಕಪಾಟಲ್ಲಿ ಯಾಕಿಟ್ಟೆಯಮ್ಮಾ?"

"ಮೂರು ಸಲ ಇದೇ ಠಾಣೆಗೆ ಬಂದೆ, ಬಾಷಾ. ಹನ್ನೊಂದು ವರ್ಷ ಭಟ್ಟಿ ಮುಂದೆ ನಿಂತು ಎದೆ ತುಂಬ ಧೂಳು ತುಂಬ್ಕೊಂಡ್ರು, ಆಸ್ಪತ್ರೆಗೆ ಹೊತ್ತೊಯ್ದ ದಿನಾನೇ ಕಂಪನಿಯೋರು ರಾಜೀನಾಮೆಗೆ ತಾರೀಖು ಹಾಕಿದ್ರು, ಎಂಟು ದಿನಕ್ಕೆ ಸತ್ರು ಅಂದೆ. ಕಾಗದ ಎಲ್ಲಿ ಅಂದ್ರಿ. ನಾನೇ ತಂದಿದ್ರೆ ಕದ್ದಿದ್ದು ಅಂತಿದ್ರಿ. ನಾನು ಕರೆದಾಗ ನೀವು ಬರ್ಲಿಲ್ಲ. ಅವರು ಕರೆದ್ರೆ ಬರ್ತೀರಿ, ಕಪಾಟು ತೆಗೀತೀರಿ ಅಂತ ಗೊತ್ತಿತ್ತು."

ಖಮೀಸ್ ತಲೆ ಎತ್ತಲಿಲ್ಲ. ಮೂರನೇ ಸಲ ಅವಳನ್ನು ಬಾಗಿಲಿನಿಂದಲೇ ಕಳಿಸಿದ್ದು ಅವನು.

3.25ಕ್ಕೆ ತಲಅತ್‌ಗೆ ಹಿಲ್ಮಿಯ ಫೋನ್ ಬಂತು. ಟೋಕನ್ ಮಾತ್ರ ಇಟ್ಟುಕೊಂಡು ಹಳೇ ಕಾಗದ ವಾಪಸು ಕೊಡಬಹುದಲ್ಲ ಎಂದ.

"ಪಂಚನಾಮೆ ಆಗಿದೆ. ಇನ್ನು ಅವು ನ್ಯಾಯಾಲಯದ ಸುಪರ್ದಿಗೆ. ತೆರಿಗೆ ಇಲಾಖೆಗೂ ಒಂದು ಪ್ರತಿ ಹೋಗುತ್ತೆ. ಸುಳ್ಳು ಯಾವುದು ಅಂತ ಅವರೇ ನೋಡ್ಕೊಳ್ಳಲಿ."

4.10ಕ್ಕೆ ಇನ್ಶಿರಾಹಳ ಬಂಧನ ದಾಖಲಾಯಿತು. ಸಹಿ ಹಾಕುವ ಮುಂಚೆ ಅವಳು ಕೇಳಿದಳು, "ಆ ಹೆಸರಿನ ಪಟ್ಟಿ ಇಲಾಖೆಗೆ ಮುಟ್ಟಿದೆಯಾ? ಒಂದ್ಸಲ ನೋಡ್ಲಾ?"

ತಲಅತ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. 118. ಬಯೂಮಿ ಅಬುಲ್ ಖೈರ್. ಕೆಲಸ: ಭಟ್ಟಿ. ದೇಶ: ಈಜಿಪ್ಟ್.

"ಮೊದಲನೇ ಹೆಸರೇ ಅವರದ್ದು ಹಾಕಿದ್ದೆ," ಎಂದಳು. "ಆಮೇಲೆ ಅಳಿಸಿ ಅವರ ಸರದಿಗೇ ಹಾಕಿದೆ. ಸಾಲು ತಪ್ಪಿಸಿ ಮುಂದೆ ಹೋಗೋದು ಅವರಿಗೆ ಆಗ್ತಿರಲಿಲ್ಲ."

ಹೆಸರಿನ ಮೇಲೆ ಬೆರಳಿಟ್ಟಳು. ಪರದೆ ಆರಿಹೋಗುವವರೆಗೂ ತೆಗೆಯಲಿಲ್ಲ.

ಹೊರಗೆ ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೊಂದು ತುಂಬಿ ಹೋದವು. ಖಮೀಸ್ ವರದಿಯ ಕೊನೆಯ ಅಂಕಣಕ್ಕೆ ಬಂದಿದ್ದ.

"ಕೃತ್ಯದ ಉದ್ದೇಶ ಅಂತಿದೆ, ಬಾಷಾ. ಏನು ಬರೀಲಿ? ದ್ವೇಷ ಅಂತ ಹಾಕ್ಲಾ?"

"ಬೇಡ," ಎಂದ ತಲಅತ್. "ಗಂಡನನ್ನ ಹುಡುಕ್ತಿದ್ಲು ಅಂತ ಬರಿ."