ಪೈನ್‌ಲೇಕ್ ಆಟರ್ಸ್ ಗೆದ್ದ ಒಂದೇ ಕಪ್

ಕಪ್ ಇರಲಿಲ್ಲ. ಕಪ್ಪನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯೂ ಇರಲಿಲ್ಲ!

ಕಾಗದದ ಗಿರಣಿ ಮುಚ್ಚಿದ ವರ್ಷವೇ ನಮ್ಮೂರಿನ ಐಸ್ ಹಾಕಿ ತಂಡ ಪೈನ್‌ಲೇಕ್ ಆಟರ್ಸ್ ಕೂಡ ಮುಚ್ಚಿಹೋಗಿತ್ತು. ಅದು ಗೆದ್ದದ್ದು ಇದೊಂದೇ ಕಪ್. ಇಂದು ಮಧ್ಯಾಹ್ನ ಅದನ್ನು ಮ್ಯೂಸಿಯಮ್ಮಿಗೆ ಒಪ್ಪಿಸಬೇಕಿತ್ತು. ಊರಿನ ಅರ್ಧ ಜನ ಹಳೆಯ ಜೆರ್ಸಿಯೊಳಗೆ ಹೊಟ್ಟೆ ತೂರಿಸಿಕೊಂಡು ಮಂಜುಗಡ್ಡೆಯ ಆಟದಂಗಳಕ್ಕೆ, ಅಂದರೆ ರಿಂಕ್‌ಗೆ, ಬಂದು ಕೂತಿದ್ದರು.

ಹುಡುಕಾಟ ಬೇಗನೆ ಮುಗಿಯಿತು. ಕಪ್ಪಿನ ಸಮೇತ ಪೆಟ್ಟಿಗೆ ಸಿಕ್ಕಿದ್ದು ರೇಜಾನ್ ಕ್ಲೂತಿಯೆಯ ಮನೆ ಜಗಲಿಯಲ್ಲಿ, ಕಂಬಳಿಯಡಿ. ಈ ಕಪ್ಪಿನ ಫೈನಲ್‌ನಲ್ಲಿ ಸೋತ ತಂಡದ ಗೋಲ್‌ಕೀಪರ್ ಅವನು. ಈಗ ನಮ್ಮ ರಿಂಕ್‌ನಲ್ಲೇ ಮಂಜುಗಡ್ಡೆ ನುಣುಪು ಮಾಡುವ ಯಂತ್ರ ಓಡಿಸುತ್ತಾನೆ. ಅವನನ್ನು ರಿಂಕ್‌ಗೆ ಎಳೆತಂದರು.

"ಮೂವತ್ತು ವರ್ಷದಿಂದ 'ಅದು ಗೋಲೇ ಅಲ್ಲ' ಅಂತ ನಮ್ ತಲೆ ತಿಂತಿದ್ಯಲ್ಲೋ, ಕೊನೆಗೆ ಕದ್ದೇಬಿಟ್ಯಾ?" ಹಿಂದಿನಿಂದ ಯಾರೋ ಕೂಗಿದರು.

"ನಾನ್ ಕದ್ದಿಲ್ಲ ಮಾರಾಯ! ಈ ಕೈಯಲ್ಲಿ ಎತ್ತೋಕಾಗುತ್ತಾ?" ರೇಜಾನನ ಬಲಗೈ ಪ್ಲಾಸ್ಟರಿನಲ್ಲಿತ್ತು.

"ಜೊತೆಗೆ ಇನ್ಯಾರೋ ಇದ್ದಿರ್ತಾರೆ," ಎಂದ ಕಾನ್‌ಸ್ಟೇಬಲ್, ಕೈಕೋಳ ತೆಗೆಯುತ್ತ.

ನನ್ನ ಗೆಳತಿ ಥೆಲ್ಮಾ ನಿವೃತ್ತ ಇನ್‌ಸ್ಪೆಕ್ಟರ್. ಅವಳು ಗೋಡೆಯ ಮೇಲಿನ ಫೋಟೋ ನೋಡುತ್ತ ನಿಂತಿದ್ದಳು.

"ತಡಿಯಪ್ಪ. ಪೆಟ್ಟಿಗೆಗೆ ಬೀಗ ಇತ್ತಾ?"

"ಇಲ್ಲ ಮೇಡಂ."

"ಮತ್ತೆ ಮುಚ್ಚಳ ತೆಗೆದು ಕಪ್ ಒಂದನ್ನೇ ಎತ್ಕೊಂಡ್ ಹೋಗೋದು ಬಿಟ್ಟು, ಕದ್ದೋನು ಅಷ್ಟು ಭಾರದ ಗಾಜು ಯಾಕೆ ಹೊತ್ತ?"

ಕಾನ್‌ಸ್ಟೇಬಲ್ ಕೋಳ ಕೆಳಗಿಳಿಸಿದ.

"ಹಾಕಿ ಆಟಗಾರ ತಾನು ಗೆಲ್ಲದ ಕಪ್ಪನ್ನ ಸತ್ರೂ ಬರಿಗೈಲಿ ಮುಟ್ಟಲ್ಲ. ಅದಕ್ಕೇ ಪೆಟ್ಟಿಗೆ ಸಮೇತ ಹೊತ್ತಿದ್ದು," ಎಂದಳು ಥೆಲ್ಮಾ.

"ಅದನ್ನೇ ಅಲ್ವಾ ಮೇಡಂ ನಾನೂ ಹೇಳ್ತಿರೋದು? ಇಲ್ಲಿರೋ ಆಟಗಾರರಲ್ಲಿ ಗೆಲ್ಲದೋನು ಇವನೊಬ್ಬನೇ!"

"ಇನ್ನೊಬ್ಬರಿದ್ದಾರೆ. ಗೆದ್ದ ದಿನದ ಫೋಟೋ ಇದು, ನೋಡು. ಎಲ್ಲರೂ ಕೈಗವಸು ಬಿಸಾಕಿ ಕಪ್ಪನ್ನ ತಬ್ಕೊಂಡಿದ್ದಾರೆ. ಗವಸು ಕಳಚದೋರು ಒಬ್ಬರೇ. ಯಾಕೆ, ಕ್ಯಾಪ್ಟನ್ ವೆಂಡೆಲ್?"

ವೆಂಡೆಲ್ ಕಾರ್ಪಿನ್‌ಸ್ಕಿ! ಗೆಲುವಿನ ಗೋಲು ಹೊಡೆದವನು! ಊರಿನ ಒಂದು ಬೀದಿಗೆ ಅವನ ಹೆಸರಿದೆ.

"ಗೋಲಿನ ಬಲೆ ಬದಿಯಲ್ಲಿ ಹರಿದಿತ್ತು," ಎಂದ ವೆಂಡೆಲ್, ನೆಲ ನೋಡುತ್ತ. "ನಾನ್ ಹೊಡೆದಿದ್ದು ಹೊರಗಿಂದ ತೂರ್ಕೊಂಡು ಒಳಗೆ ಬಿತ್ತು. ಗೋಲಿನ ದೀಪ ಹತ್ತೇಬಿಡ್ತು. ನಾನು ನೋಡಿದ್ದೆ. ಇವನು ಕೂಗ್ತಾನೇ ಇದ್ದ... ನಾನು ಬಾಯಿ ಬಿಡ್ಲಿಲ್ಲ. ಮ್ಯೂಸಿಯಮ್ಮಿಗೆ ಹೋಗೋ ಮುಂಚೆ ಕಪ್ ಇವನಿಗೇ ಸೇರ್ಲಿ ಅಂತ ಇಟ್ಟು ಬಂದೆ. ಹೇಳೋ ಧೈರ್ಯ ಬರ್ಲಿಲ್ಲ."

"ಅವನಿಗೆ ಕೋಳ ತೆಗೆದಾಗ್ಲೂ ಬರ್ಲಿಲ್ವಾ?" ಎಂದಳು ಥೆಲ್ಮಾ.

ರೇಜಾನ್ ಹತ್ತಿರ ಬಂದು ಎಡಗೈಯಿಂದ ವೆಂಡೆಲ್‌ನ ತೋಳು ಹಿಡಿದ.

"ನಡಿ ನಮ್ಮನೆಗೆ," ಎಂದ. "ಇದನ್ನ ನನ್ ಹೆಂಡ್ತಿ ಎದುರಿಗೆ ಇನ್ನೊಂದ್ಸಲ ಹೇಳು. ಅವಳೂ ನಂಬಿರಲಿಲ್ಲ."