ಸೇತುವೆಯ ಅಡಿಯಿಂದ ಬಂದ ದನಿ

"ಹಗ್ಗದಲ್ಲಿ ಇಳಿಯೋ ಕೆಲಸಕ್ಕೆ ಬಂದಿರೋದು ನೀವಾ?"

ವಸೀಲಾಳ ದನಿ ಅವಳಿಗೇ ಅಪರಿಚಿತವೆನಿಸಿತು. ಎದುರಿಗೆ ಹೆಲ್ಮೆಟ್ ಹಿಡಿದು ನಿಂತಿದ್ದವನು ಬಶೀರ್... ಒಂದು ಕಾಲಕ್ಕೆ ಅವಳ ಬೆರಳಿಗೆ ನಿಶ್ಚಿತಾರ್ಥದ ಉಂಗುರ ತೊಡಿಸಿದ್ದವನು.

"ನಾನೇ," ಎಂದ ಅವನು ತಲೆ ತಗ್ಗಿಸಿ. "ಇಲ್ಲಿ ನೀನಿರ್ತೀಯ ಅಂತ ಗೊತ್ತಿರಲಿಲ್ಲ, ವಸೀಲಾ."

"ಗೊತ್ತಿದ್ದಿದ್ರೆ ಬರ್ತಿರಲಿಲ್ಲ, ಅಲ್ವಾ? ತಪ್ಪಿಸಿಕೊಳ್ಳೋದು ನಿಮಗೇನು ಹೊಸದಲ್ಲ."

ಬಶೀರ್ ಹಗ್ಗ ಬಿಗಿದುಕೊಂಡು ಸೇತುವೆಯ ಅಡಿಗೆ ಇಳಿದ.

ಕಾನ್‌ಸ್ಟಾಂಟೀನ್ ಊರಿನ ಆ ಹಳೆಯ ಸೇತುವೆಯ ಕೆಳಗೆ ರುಮ್ಮೆಲ್ ನದಿಯ ಕಮರಿ. ಮೂರು ವರ್ಷದ ಹಿಂದೆ, ಬಿರುಕು ನೋಡಲು ಇಳಿದಿದ್ದ ವಸೀಲಾಳ ಅಣ್ಣ ರಾಬಹ್, ಕೊಕ್ಕೆ ಕಳಚಿ ಇಲ್ಲಿಂದಲೇ ಬಿದ್ದು ತೀರಿಕೊಂಡಿದ್ದ. ಅಂದು ಜೊತೆಗಿದ್ದವನು ಅವನ ಜೀವದ ಗೆಳೆಯ ಬಶೀರ್. ಮಣ್ಣು ಮಾಡಿದ ಮಾರನೆಯ ದಿನವೇ ಬಶೀರ್ ಊರು ಬಿಟ್ಟ. ಒಂದು ಮಾತಿಲ್ಲ, ಒಂದು ಫೋನ್ ಇಲ್ಲ. ಅಣ್ಣನಿಗಾಗಿ ಅಳಬೇಕೋ, ಇವನಿಗಾಗಿ ಅಳಬೇಕೋ ಅವಳಿಗೆ ತಿಳಿಯದೆ ಹೋಗಿತ್ತು.

ಬಿರುಕನ್ನೂ ಶಾಖವನ್ನೂ ತಾವೇ ಅಳೆಯುವ ಸೆನ್ಸರ್‌ಗಳು ಸೇತುವೆಯಡಿ ಕೂತರೆ ಇನ್ನು ಯಾರೂ ಪದೇ ಪದೇ ಹಗ್ಗಕ್ಕೆ ಜೋತುಬೀಳಬೇಕಿಲ್ಲ. ಅದಕ್ಕೇ ಈ ಕೆಲಸವನ್ನು ಅವಳು ಕೇಳಿ ಪಡೆದಿದ್ದಳು.

ಕೆಳಗಿನ ಸೆನ್ಸರ್‌ಗಳ ತಂತಿಗಳೆಲ್ಲ ಸೇತುವೆಯ ಮೇಲೆ ಅವಳ ಬಳಿಯಿದ್ದ ಮಲ್ಟಿಪ್ಲೆಕ್ಸರ್ ಪೆಟ್ಟಿಗೆಗೆ ಬರುತ್ತಿದ್ದವು. ಅದು ಸರದಿಯಂತೆ ಒಂದೊಂದನ್ನೇ ಡೇಟಾಲಾಗರ್‌ಗೆ ಜೋಡಿಸಿದಾಗ ಅಂಕಿ ದಾಖಲಾಗುತ್ತಿತ್ತು. ವಸೀಲಾ ಕಡೆಯ ತಂತಿಯ ತಿರುಪು ಬಿಗಿದು ವಾಕಿಟಾಕಿ ಎತ್ತಿಕೊಂಡಳು. ಬಶೀರ್ ಕೆಳಗೆ ಸೆನ್ಸರ್ ಮೇಲೆ ಅಂಗೈ ಇಟ್ಟರೆ, ಆ ಶಾಖಕ್ಕೆ ಮೇಲೆ ಪರದೆಯಲ್ಲಿ ಅಂಕಿ ಕದಲಬೇಕು. ಕದಲಿದರೆ ತಂತಿ ಸರಿ.

ಒಂದೊಂದೇ ಸರಿಹೋದವು. ತುದಿಯ ತೊಲೆಯದು ಮಾತ್ರ ಮಿಸುಕಲಿಲ್ಲ.

"ಕೈ ಇಟ್ರಾ?"

ಅವಳು ಮತ್ತೆ ವಾಕಿಟಾಕಿಯ ಗುಂಡಿ ಒತ್ತಿದಳು.

"ಬಶೀರ್, ಕೇಳಿಸ್ತಿದೆಯಾ?" ಅವಳು ಕಂಬಿಯಾಚೆ ಬಗ್ಗಿ ನೋಡಿದಳು.

"ಇಡೋಕಾಗ್ತಿಲ್ಲ ವಸೀಲಾ... ರಾಬಹ್ ಬಿದ್ದಿದ್ದು ಇಲ್ಲಿಂದ. ಅವನ ತೋಳು ನನ್ನ ಕೈಲಿತ್ತು. ಗಟ್ಟಿಯಾಗೇ ಹಿಡಿದಿದ್ದೆ... ಜಾರಿಹೋಯ್ತು."

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಮತ್ಯಾಕೆ ಓಡಿಹೋದ್ರಿ? ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿಮ್ಮಮ್ಮ ಹೇಳಿದ್ರು, 'ನಿನ್ನ ಮುಖ ಕಂಡಾಗಲೆಲ್ಲ ನನ್ನ ಮಗ ಬೀಳ್ತಾನೆ ಕಣಪ್ಪಾ, ಇನ್ನು ಈ ಹೊಸ್ತಿಲು ತುಳೀಬೇಡ' ಅಂತ. ಮಗನ್ನ ಕಳ್ಕೊಂಡ ತಾಯಿ ಅವರು. ಮಗಳ ಜೊತೆಗೂ ಜಗಳ ತಂದಿಡ್ಬೇಕಿತ್ತಾ?"

ಕಳೆದ ರಂಜಾನಿನಲ್ಲಿ ಕಣ್ಣು ಮುಚ್ಚುವ ಮುನ್ನ ಅಮ್ಮ ಕೇಳಿದ್ದು ಒಂದೇ ಮಾತು. "ಬಶೀರ್ ಬರಲಿಲ್ವಾ?" ಅಮ್ಮ ಅವನನ್ನು ದೂರುತ್ತಿದ್ದಾಳೆ ಎಂದುಕೊಂಡಿದ್ದಳು ವಸೀಲಾ. ಅಮ್ಮ ಕಾಯುತ್ತಿದ್ದಳು!

"ಅಮ್ಮ ಹೋಗ್ಬಿಟ್ಲು ಬಶೀರ್... ಕೊನೇಲಿ ನಿನ್ನನ್ನೇ ಕೇಳಿದ್ಲು."

ವಾಕಿಟಾಕಿಯಲ್ಲಿ ಅವನು ಬಿಕ್ಕುವುದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಪರದೆಯ ಅಂಕಿ ಮೆಲ್ಲಗೆ ಕದಲಿತು.

"ಬಂತು," ಎಂದಳು ವಸೀಲಾ. "ಇನ್ನು ಮೇಲೆ ಬಾ."

ಮೇಲೆ ಬಂದವನ ಕೈಗಳು ತಣ್ಣಗಾಗಿದ್ದವು. ಅವಳು ಅವನ್ನು ತನ್ನ ಅಂಗೈಗಳ ನಡುವೆ ಹಿಡಿದುಕೊಂಡಳು.

"ನಾಳೆ ಶುಕ್ರವಾರ. ಅಮ್ಮನ, ಅಣ್ಣನ ಗೋರಿ ಹತ್ರ ಹೋಗೋಣ."

"ನಿಮ್ಮಮ್ಮ ಬರಬೇಡ ಅಂದಿದ್ರಲ್ಲ..."

"ನಾನು ಬಾ ಅಂತಿದ್ದೀನಿ."

"ಅಲ್ಲಿಗೆ ಮಾತ್ರಾನಾ?"

ವಸೀಲಾ ಕಣ್ಣೊರೆಸಿಕೊಂಡಳು.

"ಮನೇಗೂ. ಒಬ್ಬಳೇ ಕೂತು ಉಣ್ಣೋದು ಸಾಕಾಗಿದೆ, ಬಶೀರ್."