ಮೂಗಿನಲ್ಲಿದ್ದ ಲವಂಗ

ನೋಯುವಷ್ಟು ದಿನ ಬದುಕಿರುತ್ತದೆ, ನೋವು ನಿಂತರೆ ಸತ್ತುಹೋಗುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ, ಇರೋ ಕೂದಲೂ ಉದುರೀತು. ನಿಮಗೆ ಹೊಳೆಯೋದಿಲ್ಲ. ಕತೆ ಕೇಳಿ.

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಪರಿಮಳಪುರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಲವಂಗದ ಎಣ್ಣೆ ಭಟ್ಟಿ ಇಳಿಸುವ ಹೂವಿ, ಅವಳ ತಮ್ಮ ಜಕ್ಕ ಇದ್ದರು. ಚಿನ್ನದ ಮೂಗುತಿಗೆ ಗತಿಯಿಲ್ಲದೆ ಹೂವಿ ಚುಚ್ಚಿಸಿದ ಮೂಗಿಗೆ ಒಂದು ಲವಂಗ ಸಿಕ್ಕಿಸಿಕೊಂಡಿದ್ದಳು.

“ಅಕ್ಕಾ, ಒಲೆ ಹತ್ತಿರ ಬಗ್ಗಬೇಡ, ಒಗ್ಗರಣೆಗೆ ಹಾಕಿಬಿಟ್ಟಾರು” ಅಂತ ಜಕ್ಕ ರೇಗಿಸುತ್ತಿದ್ದ.

ಆ ಬಾಯಿಯೇ ಅವನಿಗೆ ಮುಳುವಾಯಿತು. ಮಂತ್ರವಾದಿ ಕಾಳಜಟ್ಟಿ ಒಂದು ದಿನ ಕೆನ್ನೆ ಊದಿಸಿಕೊಂಡು ಸಂತೆಗೆ ಬಂದ. ಜಕ್ಕ ಸುಮ್ಮನಿರಬೇಕೋ ಬೇಡವೋ?

“ಅಜ್ಜಾ, ಯಾರ ಮನೆ ಕಡುಬು ಕದ್ದು ಬಾಯಲ್ಲಿಟ್ಕೊಂಡಿದೀಯಾ?”

ಕಾಳಜಟ್ಟಿ ಕೆನ್ನೆ ಹಿಡಿದು “ಹಾಂ!” ಎಂದು ನರಳಿದ. ಜಕ್ಕನ ಪಾದ ಕಲ್ಲಾಯಿತು. ಮತ್ತೆ ನರಳಿದ. ಮಂಡಿ ಕಲ್ಲಾಯಿತು.

“ಹೊತ್ತು ಮುಳುಗುವಷ್ಟರಲ್ಲಿ ಎದೆಯೂ ಕಲ್ಲು” ಎಂದು ತನ್ನ ಕೋಟೆಗೆ ಹೊರಟುಹೋದ.

ಜನರೆಲ್ಲ ಕಲ್ಲು ನೋಡಿದರು. ಪಕ್ಕದಲ್ಲೇ ಇದ್ದ ಹೂವಿ ಮುದುಕನ ದವಡೆ ನೋಡಿದ್ದಳು. ಹಲ್ಲು ಸೆಳೆದಾಗಲೆಲ್ಲ ಕಲ್ಲು ಏರುತ್ತಿದೆ. ಅಂದರೆ ಮಂತ್ರವಿರುವುದು ಆ ನೋವಿನಲ್ಲಿ! ಲವಂಗದೆಣ್ಣೆಯ ಸೀಸೆ ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಕೋಟೆಯ ಕಂದಕದಲ್ಲಿ ದೋಣಿಯಷ್ಟು ದೊಡ್ಡ ಮೀನು. “ನನ್ನ ನೀರು ದಾಟಿದವರಿಲ್ಲ” ಎಂದಿತು.

“ಆಕಳಿಸಿಕೊಂಡು ಹೇಳ್ತಿದೀಯಲ್ಲಣ್ಣ” ಎನ್ನುತ್ತ ಹೂವಿ ನೀರಿಗೆ ಅರ್ಧ ಸೀಸೆ ಎಣ್ಣೆ ಸುರಿದಳು. ಲವಂಗದ ಮತ್ತಿಗೆ ಮೀನು ಹೊಟ್ಟೆ ಮೇಲೆ ಮಾಡಿ ಮಲಗಿತು. ಅದರ ಮೇಲೆಯೇ ನಡೆದು ದಾಟಿದಳು. ಒಳಗಿಂದ “ಹಾಂ!” ಕೇಳಿಸಿತು. ಜಕ್ಕನ ತೊಡೆ ಹೋಯಿತು.

ಬಾಗಿಲಲ್ಲಿ ನಾಯಿ ಗಾತ್ರದ ಕೆಂಜಿಗದ ಇರುವೆಗಳು. “ಕಾಲಿಂದ ಶುರುಮಾಡೋಣವೋ, ಕಿವಿಯಿಂದಲೋ?”

ಉಳಿದರ್ಧ ಎಣ್ಣೆಯಲ್ಲಿ ಅವಳು ಸುತ್ತ ಗೆರೆ ಎಳೆದಳು. “ಅಯ್ಯಯ್ಯೋ, ಘಾಟು!” ಎಂದು ಅವು ಬಿದ್ದಂಬೀಳ ಓಡಿದವು. ಮತ್ತೆ “ಹಾಂ!” ಜಕ್ಕನ ಸೊಂಟ ಹೋಯಿತು.

ಒಳಗೆ ಕಾಳಜಟ್ಟಿ ಕೆನ್ನೆಗೆ ಬಟ್ಟೆ ಕಟ್ಟಿ ಕೂತಿದ್ದ. ಹೂವಿ ಸೀಸೆ ಬಗ್ಗಿಸಿದಳು. ಒಂದು ತೊಟ್ಟೂ ಇಲ್ಲ! ಕಿಟಕಿಯಲ್ಲಿ ಸೂರ್ಯ ಕೆಂಪಗಾಗಿದ್ದ. ಅವಳ ಕೈ ಮೂಗಿಗೆ ಹೋಯಿತು. ಲವಂಗ ಕಿತ್ತು ಹಿಡಿದಳು.

“ಇದನ್ನ ಹಲ್ಲಿನಡಿ ಇಟ್ಟು ಕಚ್ಚು ಅಜ್ಜಾ.”

“ನೋವು ಹೋದರೆ ನನ್ನ ಮಂತ್ರವೂ ಹೋಗುತ್ತದೆ, ಗೊತ್ತೇನೇ?”

“ಗೊತ್ತು. ನಿದ್ದೆ ಮಾಡಿ ಎಷ್ಟು ವರ್ಷವಾಯ್ತು?”

ಅವನು ಕೆನ್ನೆಯ ಬಟ್ಟೆ ಸಡಿಲಿಸಿದ. “ನಲವತ್ತು.”

“ಹಂಗಾದ್ರೆ ಬಾಯಿ ತೆಗಿ.”

ಮುದುಕ ಲವಂಗ ನೋಡಿದ. ಸೂರ್ಯನನ್ನು ನೋಡಿದ. ಮೆಲ್ಲಗೆ ಬಾಯಿ ತೆರೆದ. ಕಚ್ಚಿದ. ದವಡೆ ಜೋಮು ಹಿಡಿಯಿತು, ಮಂತ್ರ ಸತ್ತಿತು, ಕಾಳಜಟ್ಟಿ ಕೂತಲ್ಲೇ ಗೊರಕೆ ಹೊಡೆದ. ಸಂತೆಯಲ್ಲಿ ಜಕ್ಕ ಕಾಲು ಜಾಡಿಸಿಕೊಂಡು ಹೆಜ್ಜೆ ಇಟ್ಟ. ಅಕ್ಕ ಬಂದು ತಬ್ಬಿಕೊಂಡರೆ ಅವನು ಕೇಳಿದ್ದು ಏನು ಗೊತ್ತೇ?

“ಮೂಗಿನ ಒಗ್ಗರಣೆ ಎಲ್ಲಿ ಬೀಳಿಸಿದೆಯೇ?”

ಅವರೂ ಸುಖ, ಊರೂ ಸುಖ, ನಿದ್ದೆ ಸಿಕ್ಕ ಮುದುಕನೂ ಸುಖ.

ನಿಜ ಹೇಳಲಾ? ಈ ಕತೆ ಹೇಳುತ್ತಿದ್ದ ನಮ್ಮಜ್ಜಿ “ಲವಂಗ ನೋಡಿದ, ಸೂರ್ಯನನ್ನು ನೋಡಿದ” ಅನ್ನುವಷ್ಟರಲ್ಲಿ ತೂಕಡಿಸಿಬಿಟ್ಟಳು. ಬಾಯಿ ತೆರೆದನೋ ಇಲ್ಲವೋ, ನನಗೂ ಗೊತ್ತಿಲ್ಲ. ಅಲ್ಲಿಂದಾಚೆಗಿನದು ನಾನು ಕಟ್ಟಿದ್ದು. ಸೊಂಟದವರೆಗೆ ಕಲ್ಲಾದ ಹುಡುಗನನ್ನು ಸಂತೆಯಲ್ಲಿ ನಿಲ್ಲಿಸಿ ನಾನು ಊಟಕ್ಕೆ ಹೇಗೆ ಕೂರಲಿ?